ಸೈಲೆನ್ಸರ್ ಕಚೇರಿ

ಮಸ್ಟಾಂಗ್ ಜಿಟಿಯ ಹೊಟ್ಟೆಯಲ್ಲೂ ವಿ8, ಫೆರಾರಿ 458ರ ಹೊಟ್ಟೆಯಲ್ಲೂ ವಿ8. ಆದರೂ ಅಮೆರಿಕದ್ದು ಹಬ್ಬದೂಟ ಮುಗಿಸಿ ಮಲಗಿದ ದೊಡ್ಡಪ್ಪನ ಗೊರಕೆಯಂತೆ ಗುಡುಗುಡು ಅನ್ನುತ್ತದೆ, ಇಟಲಿಯದು ಕಿರುಚುತ್ತದೆ. ಎಲ್ಲ ಕ್ರ್ಯಾಂಕ್‌ಶಾಫ್ಟಿನ ಕರಾಮತ್ತು. ಫೆರಾರಿಯಲ್ಲಿ ಎಡಸಾಲಿನ ಸಿಲಿಂಡರ್ ಆದ ಮೇಲೆ ಬಲಸಾಲಿನದು, ಸರದಿ ತಪ್ಪದೆ ಉರಿಯುತ್ತದೆ. ಮಸ್ಟಾಂಗಿನಲ್ಲಿ ಒಂದೇ ಸಾಲಿನ ಎರಡು ಬೆನ್ನುಬೆನ್ನಿಗೆ ಉರಿದು ತಾಳ ತಪ್ಪಿಸುತ್ತವೆ. ಆ ತಪ್ಪಿದ ತಾಳಕ್ಕೇ ಜನ ಕಾಸು ಸುರಿಯುವುದು!

ನನ್ನ ಓಟು ಮಾತ್ರ ಲೆಕ್ಸಸ್ ಎಲ್‌ಎಫ್‌ಎಗೆ. ಅದರ ವಿ10 ಕಂಠವನ್ನು ಹದಗೊಳಿಸಿದವರು ಯಮಹಾದವರು. ಪಿಯಾನೊ ಮಾಡುವ ಮನೆತನ, ಕೇಳಬೇಕೆ? (ಆರ್‌ಎಕ್ಸ್100 ಕೊಟ್ಟವರೂ ಅವರೇ. ಆ ಸದ್ದು ಕೇಳಿದರೆ ನಮ್ಮಲ್ಲಿ ಈಗಲೂ ಅಂಕಲ್‌ಗಳು ರಸ್ತೆ ದಾಟುವುದನ್ನೇ ಮರೆಯುತ್ತಾರೆ.) ಎಂಜಿನ್ 0.6 ಸೆಕೆಂಡಿನಲ್ಲಿ ನಿಮಿಷಕ್ಕೆ 9,000 ಸುತ್ತು ಮುಟ್ಟುತ್ತದೆ. ಮುಳ್ಳಿನ ಮೀಟರ್ ಅಷ್ಟು ಬೇಗ ಓಡಲಾರದೆಂದು ಡಿಜಿಟಲ್ ಕೂರಿಸಿದರು. ತಯಾರಾದದ್ದು ಬರೀ 500 ಕಾರು. ನಮಗೆಲ್ಲ ಇಯರ್‌ಫೋನೇ ಗತಿ.

ಆಮೇಲೆ ಟರ್ಬೊ ಬಂತು, ಗಂಟಲು ಕಟ್ಟಿತು. 2011ರ ಬಿಎಂಡಬ್ಲ್ಯು ಎಂ5 ತನ್ನ ಎಂಜಿನ್ ಸದ್ದನ್ನು ಒಳಗಿನ ಸ್ಪೀಕರಿನಲ್ಲೇ ಹಾಕಿ ಕೇಳಿಸತೊಡಗಿತು. 500ಕ್ಕೂ ಹೆಚ್ಚು ಕುದುರೆಗಳ ಬಲ, ಕೆನೆಯಲು ಮಾತ್ರ ಸ್ಪೀಕರ್ ಬೇಕು!