ಇಬ್ಬರು ಚೆನ್ನಮ್ಮರ ಜಗಳ

ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾಲ್ಕು ಹೌಸುಗಳಿದ್ದವು: ಅಬ್ಬಕ್ಕ, ಓಬವ್ವ, ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮ. ಜೂನ್ ಬಂತೆಂದರೆ ಕ್ಲಾಸ್ ಮಿಸ್ ಹಾಜರಿ ಪುಸ್ತಕ ಹಿಡಿದು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿಕೊಂಡು ಹೋಗುವರು. ಒಂದಕ್ಕೆ ಸಿಕ್ಕವಳು ಅಬ್ಬಕ್ಕ, ನಾಲ್ಕಕ್ಕೆ ಸಿಕ್ಕವಳು ಕೆಳದಿ. ಹ್ಯಾರಿ ಪಾಟರನ ಶಾಲೆಯಲ್ಲಾದರೆ ಒಂದು ಟೋಪಿ ತಲೆಯೊಳಗೆ ಇಣುಕಿ ನೋಡಿ ಹೌಸ್ ಹೇಳುತ್ತದೆ. ನಮ್ಮ ಶೌರ್ಯ ಸಾಹಸಗಳನ್ನೆಲ್ಲ ಹಾಜರಿ ನಂಬರೇ ತೀರ್ಮಾನಿಸುತ್ತಿತ್ತು. ಅಕ್ಕಪಕ್ಕದ ನಂಬರಿನವರು ಒಂದೇ ಹೌಸಿಗೆ ಬೀಳುವ ಮಾತೇ ಇಲ್ಲ. ಹೀಗಾಗಿ ನಮ್ಮ ಕ್ಲಾಸಿನ ಅವಳಿ ಅಕ್ಕತಂಗಿಯರಲ್ಲಿ ಒಬ್ಬಳು ಓಬವ್ವ, ಇನ್ನೊಬ್ಬಳು ಕಿತ್ತೂರು. ಖೋ ಖೋ ಪಂದ್ಯದ ದಿನ ಅಮ್ಮ ಯಾರ ಡಬ್ಬಿಗೆ ತುಪ್ಪ ಹೆಚ್ಚು ಹಾಕಿದಳು ಎಂದು ಅವರ ಮನೆಯಲ್ಲಿ ವಿಚಾರಣೆ ನಡೆಯುತ್ತಿತ್ತಂತೆ.

ನಾನು ಕೆಳದಿ. ಕೆಳದಿ ಇರುವುದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ, ಸಾಗರದ ಪಕ್ಕ. ಮಿಕ್ಕ ಮೂವರು ಪರಸ್ಥಳದವರು ಎಂಬ ಜಂಬ ನಮಗೆ. ಅದಕ್ಕೆ ಕಿತ್ತೂರಿನವರದು ಒಂದೇ ಉತ್ತರ: ‘ನಮ್ಮ ರಾಣಿಗೆ ಸಿನಿಮಾ ಇದೆ, 1961ರಲ್ಲೇ ಬಿ. ಸರೋಜಾದೇವಿ ಮಾಡಿದಾರೆ. ನಿಮಗೇನಿದೆ?’ ಓಬವ್ವನವರು ಬಿಡುತ್ತಾರೆಯೇ? ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಒನಕೆ ಎತ್ತಿದ್ದನ್ನು ಅಲ್ಲೇ ಅಭಿನಯಿಸಿ ತೋರಿಸುವರು. ನಾವು ಸುಮ್ಮನೆ ಜಡೆ ಸರಿಮಾಡಿಕೊಳ್ಳುತ್ತಿದ್ದೆವು.

ಗೆದ್ದವರಿಗೆ ಐದು ಪಾಯಿಂಟು, ಎರಡನೆಯವರಿಗೆ ಮೂರು, ಮೂರನೆಯವರಿಗೆ ಒಂದು. ರಂಗೋಲಿಗೂ ಅಷ್ಟೇ, ರಿಲೇಗೂ ಅಷ್ಟೇ. ಲೆಕ್ಕವೆಲ್ಲ ಜಗಲಿಯ ಕರಿಹಲಗೆಯ ಮೇಲೆ. ಹೆಸರು ಉದ್ದವಾಯಿತೆಂದು ಪಿ.ಟಿ. ಮಿಸ್ ‘ಕಿ.ಚೆ.’, ‘ಕೆ.ಚೆ.’ ಎಂದು ಚಿಕ್ಕದು ಮಾಡಿದ್ದರು. ಮಲೆನಾಡಿನ ಆಗಸ್ಟ್ ತಿಂಗಳ ಎರಚಲಿಗೆ ಇವೆಲ್ಲ ತಿಳಿಯುವುದಿಲ್ಲ. ಒಂದು ಸೋಮವಾರ ಬಂದು ನೋಡಿದರೆ ಎರಡು ಕಡೆಯ ಗುಡಿಸು, ಎತ್ವ ಎಲ್ಲ ತೊಳೆದುಹೋಗಿ ಬರೀ ‘ಕ.ಚ.’ಗಳು ನಿಂತಿದ್ದವು, ಒಂದರ ಮುಂದೆ ಹದಿನಾಲ್ಕು, ಇನ್ನೊಂದರ ಮುಂದೆ ಒಂಬತ್ತು. ಹದಿನಾಲ್ಕು ನಮ್ಮದೆಂದು ಎರಡೂ ಹೌಸಿನವರು ದೇವರಾಣೆ ಮಾಡಿದರು. ಕೊನೆಗೆ ಹೆಡ್‌ಮಿಸ್ ರೋಸಿಹೋಗಿ ಇಬ್ಬರಿಗೂ ಹದಿನಾಲ್ಕು ಕೊಟ್ಟರು. ಅಬ್ಬಕ್ಕದವರು ಮಧ್ಯಾಹ್ನದ ಊಟ ಬಿಟ್ಟು ಪ್ರತಿಭಟಿಸಿದರು. ಬೆಲ್ ಹೊಡೆಯಲು ಐದು ನಿಮಿಷ ಇರುವಾಗ ಡಬ್ಬಿ ತೆರೆದರು.

ಮಾರ್ಚ್‌ಪಾಸ್ಟ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕ್ಯಾನ್‌ವಾಸ್ ಶೂಗೆ ಕ್ಲಾಸಿನ ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಬಂದೆವು, ಮಳೆ ಬಂತು, ಮೈದಾನ ಬೆಳ್ಳಗಾಯಿತು.

ನಾಟಕದ ಸ್ಪರ್ಧೆಯೇ ಬೇರೆ. ರಾಜ್ಯೋತ್ಸವಕ್ಕೆ ಪ್ರತಿ ಹೌಸೂ ತನ್ನ ನಾಯಕಿಯ ನಾಟಕ ಆಡಬೇಕು. ನಾಯಕಿಯಾಗಲು ನೂಕುನುಗ್ಗಲು, ಪೋರ್ಚುಗೀಸರಾಗಲು ಯಾರೂ ಇಲ್ಲ. ಕಿತ್ತೂರಿನವರ ನಾಟಕದಲ್ಲಿ ಕಲೆಕ್ಟರ್ ಥ್ಯಾಕರೆ 1824ರ ಯುದ್ಧದಲ್ಲಿ ಗುಂಡೇಟು ತಿಂದು ಬಿದ್ದ. ಬಿದ್ದ ಮೇಲೆ, ತಾನು ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಭಾಷಣದಲ್ಲಿ ಎರಡು ವಾಕ್ಯ ಉಳಿದಿರುವುದು ನೆನಪಾಗಿ ಎದ್ದು ನಿಂತ, ಹೇಳಿ ಮುಗಿಸಿದ, ಮತ್ತೆ ಸತ್ತ. ಓಬವ್ವದವರು ರಟ್ಟಿನ ಕೋಟೆಗೆ ಕಿಂಡಿ ಕೊರೆದಿದ್ದರು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರುವುದು, ಓಬವ್ವ ಒನಕೆಯಿಂದ ಬಡಿಯುವುದು. ಆದರೆ ಸೈನ್ಯಕ್ಕೆ ಸಿಕ್ಕಿದ್ದು ಮೂವರೇ. ಸತ್ತವರು ಪರದೆಯ ಹಿಂದಿನಿಂದ ತೆವಳಿಕೊಂಡು ಹೋಗಿ ಮತ್ತೆ ಕಿಂಡಿಯಲ್ಲಿ ಬರುತ್ತಿದ್ದರು. ಕಾಡಿಗೆ ಮೀಸೆ, ಮುಂಡಾಸು ಎಲ್ಲ ಸರಿಯೇ. ಮುಂಡಾಸಿನ ಕೆಳಗೆ ರಿಬ್ಬನ್ ಕಟ್ಟಿದ ಎರಡು ಜಡೆಗಳು ಮಾತ್ರ ಪ್ರತಿಸಲ ಗುರುತು ಸಿಗುತ್ತಿದ್ದವು. ನಾಲ್ಕನೇ ಸಲ ಬಂದ ಸೈನಿಕನಿಗೆ ಸಭೆ ಚಪ್ಪಾಳೆ ತಟ್ಟಿ ಸ್ವಾಗತಿಸಿತು.

ನಮ್ಮ ಕಷ್ಟವೇ ಬೇರೆ. ಕೆಳದಿ ಚೆನ್ನಮ್ಮನ ದೊಡ್ಡತನವಿರುವುದು ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರುಹಾಕಿಕೊಂಡದ್ದರಲ್ಲಿ. ಔರಂಗಜೇಬನ ಸೈನ್ಯವಾಗಬೇಕಾದವರೆಲ್ಲ ಥ್ರೋಬಾಲ್ ಪ್ರಾಕ್ಟೀಸಿಗೆ ಹೋಗಿದ್ದರು. ಹೀಗಾಗಿ ಯುದ್ಧವನ್ನು ಒಳಗಿಟ್ಟು, ಆತಿಥ್ಯವನ್ನು ರಂಗದ ಮೇಲಿಟ್ಟೆವು. ರಾಜಾರಾಮ ನಾನು. ಹಸಿದು ಬಂದವನು ಖಾಲಿ ತಟ್ಟೆಯಲ್ಲಿ ಕೈಯಾಡಿಸಿದರೆ ಅಭಿನಯಕ್ಕೆ ಜೀವ ಬರುವುದಿಲ್ಲವೆಂದು ಚಿತ್ರಾನ್ನಕ್ಕೆ ಹಠ ಹಿಡಿದೆ. ತಾಲೀಮಿನಿಂದಲೇ ಚಿತ್ರಾನ್ನ ಬಂತು. ಪ್ರದರ್ಶನದ ದಿನ ರಾಣಿಯ ತಾಯಿ ಗೋಡಂಬಿ ಬೇರೆ ಹಾಕಿ ಕಳಿಸಿದ್ದರು. ಕಾಡಿಗೆ ಮೀಸೆಗೆ ಅರಿಶಿನ ಹತ್ತಿತು, ನನ್ನ ಮಾತೆಲ್ಲ ಅನ್ನದೊಳಗೇ ಉಳಿಯಿತು, ಒಳಗೆ ಇಬ್ಬರು ಬೆಂಚು ಕುಟ್ಟುತ್ತಲೇ ಇದ್ದರು. ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಮೇಷ್ಟರು ತಡೆಯಲಾರದೆ ಕೇಳಿದರು, ‘ಯುದ್ಧ ಎಲ್ಲಮ್ಮಾ?’

‘ಒಳಗೆ ನಡೀತಿದೆ ಸಾರ್,’ ಎಂದಳು ರಾಣಿ, ಸೌಟು ಕೆಳಗಿಡದೆ.

ನಮಗೆ ಎರಡನೇ ಬಹುಮಾನ. ಓಬವ್ವಕ್ಕೆ ಮೊದಲನೆಯದು, ಅವರ ಮೂವರ ದುಡಿಮೆಗೆ ಅದು ಸಲ್ಲಬೇಕಾದದ್ದೇ.

ಜನವರಿಯಲ್ಲಿ ಕೂಡಿ ಕಳೆದು ನೋಡಿದರೆ ಇಬ್ಬರೂ ಚೆನ್ನಮ್ಮರು ಸಮಸಮ. ಆಗಸ್ಟಿನ ಮಳೆಯ ಲೆಕ್ಕ ಮತ್ತೆ ಮೇಲೆದ್ದಿತು. ಹೆಡ್‌ಮಿಸ್ ಶೀಲ್ಡನ್ನು ಅರ್ಧ ವರ್ಷ ಕಿತ್ತೂರಿಗೆ, ಇನ್ನರ್ಧ ವರ್ಷ ಕೆಳದಿಗೆ ಎಂದು ಹಂಚಿದರು. ನಮ್ಮ ಸರದಿ ಜುಲೈಗೆ. ಆದರೆ ಜೂನ್‌ನಲ್ಲಿ ಶಾಲೆಗೆ ಬಂದರೆ ಕರಿಹಲಗೆಯ ಮೇಲೆ ಹೊಸ ಹೆಸರುಗಳು: ಕಾವೇರಿ, ತುಂಗಾ, ಶರಾವತಿ, ಭೀಮಾ. ರಾಣಿಯರ ಜಗಳ ಸಾಕಾಯಿತಂತೆ. ಶೀಲ್ಡು ಹೆಡ್‌ಮಿಸ್ ಬೀರುವಿನಲ್ಲೇ ಉಳಿಯಿತು. ನನ್ನನ್ನು ಎಣಿಸಿ ತುಂಗಾಕ್ಕೆ ಹಾಕಿದರು. ಈ ಶರಾವತಿಯವರು ಎಂಥ ಮೋಸಗಾರ್ತಿಯರು ಎಂಬುದು ಅವತ್ತು ಮಧ್ಯಾಹ್ನದೊಳಗೇ ನನಗೆ ಮನದಟ್ಟಾಗಿತ್ತು.