ಬಿಳಿಹಲಗೆಯ ಟ್ರಯಲ್

(ಡೊಂಬಿವಲಿಯ ಒಂದು ಕನ್ನಡ ಸಂಘ. ರಾಜ್ಯೋತ್ಸವದ ತಯಾರಿ. ಪದಾಧಿಕಾರಿಗಳು ಕಲ್ಯಾಣ, ಠಾಣೆ, ನೆರೂಳ್ ಅಂತ ಚದುರಿದ್ದರಿಂದ ಆನ್‌ಲೈನ್ ಹಲಗೆಯ ಪರೀಕ್ಷೆ.)

ಕಾರ್ಯದರ್ಶಿ: ಅಧ್ಯಕ್ಷರೇ, ಇದು ಮಿರೊ. ಎಲ್ಲರೂ ಒಂದೇ ಹಲಗೆ ಮೇಲೆ ಒಟ್ಟಿಗೆ ಬರೆಯಬಹುದು.

ಅಧ್ಯಕ್ಷರು: ಒಟ್ಟಿಗೆ ಮಾತಾಡುವುದೇ ನಮ್ಮ ರೋಗ ಮಾರಾಯ್ರೆ, ಇನ್ನು ಬರೆಯುವುದು ಬೇರೆ!

ಖಜಾಂಚಿ: ದುಡ್ಡೆಷ್ಟು?

ಕಾರ್ಯದರ್ಶಿ: ಪುಕ್ಕಟೆ ಪ್ಲಾನಿನಲ್ಲಿ ಮೂರೇ ಬೋರ್ಡ್ ತಿದ್ದಬಹುದು.

ಖಜಾಂಚಿ: ಧಾರಾಳವಾಯ್ತು. ಊಟಕ್ಕೊಂದು, ಯಕ್ಷಗಾನಕ್ಕೊಂದು, ಊಟದ ತಕರಾರಿಗೊಂದು.

ಅಧ್ಯಕ್ಷರು: ಗೂಗಲಿನವರದ್ದೊಂದು ಇತ್ತಲ್ಲ, ಜ್ಯಾಮ್‌ಬೋರ್ಡ್?

ಕಾರ್ಯದರ್ಶಿ: 2024ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು.

ಅಧ್ಯಕ್ಷರು: ನೋಡಿ! ಅಷ್ಟು ದೊಡ್ಡ ಕಂಪನಿಯದೇ ಮುಚ್ಚಿತು, ನಮ್ಮ ಸಂಘ ನಡೀತಾ ಇದೆ. (ಚಪ್ಪಾಳೆ. ಬಾಡಿಗೆ ಬಾಕಿಯ ನೆನಪು ಯಾರೂ ತೆಗೆಯಲಿಲ್ಲ.)

ಕಾರ್ಯದರ್ಶಿ: ಯಾರು ಎಲ್ಲಿ ಕೈಯಾಡಿಸುತ್ತಿದ್ದಾರೆಂದು ಹೆಸರಿನ ಸಮೇತ ಬಾಣದ ಗುರುತು ಕಾಣುತ್ತದೆ.

ಅಧ್ಯಕ್ಷರು: ಹೌದಾ? ಹಾಗಾದರೆ 'ಅಧ್ಯಕ್ಷೀಯ ಭಾಷಣ, 40 ನಿಮಿಷ' ಅಂತ ನಾನು ಅಂಟಿಸಿದ ಹಳದಿ ಚೀಟಿ ಎಲ್ಲಿ?

(ಹಲಗೆಗೆ ಅಂಚೇ ಇಲ್ಲ. ಜೂಮ್ ಮಾಡುತ್ತ, ಎಳೆಯುತ್ತ ಹೋದರೆ ಮೂಲೆಯಲ್ಲಿ 'ಚಪ್ಪಲಿ ಇಡುವ ಜಾಗ'ದ ಪಕ್ಕ ಸಿಕ್ಕಿತು. 40ರ ಸೊನ್ನೆ ಹೋಗಿತ್ತು.)

ಅಧ್ಯಕ್ಷರು: ಇದ್ಯಾರ ಕೆಲಸ?

ಠಾಣೆಯ ಉಪಾಧ್ಯಕ್ಷರು (ಲೋಕಲ್ ರೈಲಿನಿಂದ): ರಶ್ಶು ಸ್ವಾಮಿ! ಯಾರದೋ ಮೊಣಕೈ ತಾಗಿ ಬೆರಳು ಜಾರಿತು...

(ಸಿಗ್ನಲ್ ಕಡಿಯಿತು. ಸಕಾಲಕ್ಕೆ.)

ನಿರ್ಣಯ: ಉಪಕರಣ ಉತ್ತಮವಾಗಿದೆ. ಅದರ ಬಗ್ಗೆ ಚರ್ಚಿಸಲು ಭಾನುವಾರ ಸಂಜೆ ಎಲ್ಲರೂ ಸಂಘದ ಕಚೇರಿಗೆ ಖುದ್ದಾಗಿ ಬರತಕ್ಕದ್ದು. ಚಹಾ ಉಂಟು.