ಹಿಕ್ಕೆಗೂ ಇಂಪ್ಯಾಕ್ಟ್ ಇದೆ

ಬೆಂಗಳೂರಿನ ರಿಚರ್ಡ್ಸ್ ಪಾರ್ಕಿನ ಮರಗಳ ಕೆಳಗೆ ಕಾರು ನಿಲ್ಲಿಸುವವರು ಇನ್ನಾದರೂ ಹಕ್ಕಿಗಳಿಗೆ ಹಿಡಿಶಾಪ ಹಾಕುವುದನ್ನು ಬಿಡಬೇಕು. ಬಾನೆಟ್ ಮೇಲೆ ಬಿದ್ದದ್ದು ಹಿಕ್ಕೆಯಲ್ಲ, ಕಚ್ಚಾಮಾಲು. ಕೆರೆದು ಡಬ್ಬಿಗೆ ತುಂಬಿದರೆ ಒಂದು ಅಂತರರಾಷ್ಟ್ರೀಯ ಪ್ರಬಂಧಕ್ಕೆ ಸಾಕು.

ತಮಾಷೆಯಲ್ಲ. 2020ರಲ್ಲಿ ರಸಾಯನವಿಜ್ಞಾನಿ ಮಾರ್ಟಿನ್ ಪುಮೆರಾ ಮತ್ತು ಸಂಗಡಿಗರು ಗ್ರಾಫೀನ್‌ಗೆ ಹಕ್ಕಿ ಹಿಕ್ಕೆ ಬೆರೆಸಿದರು. ಏನೂ ಬೆರೆಸದ ಗ್ರಾಫೀನ್‌ಗಿಂತ ಅದೇ ಚುರುಕಾದ ವೇಗವರ್ಧಕವಾಯಿತು! ‘ಎಸಿಎಸ್ ನ್ಯಾನೊ’ ಪತ್ರಿಕೆ ಅಚ್ಚೂ ಹಾಕಿತು. ಅವರ ಗುರಿ ಹಿಕ್ಕೆಯಲ್ಲ, ಸಹೋದ್ಯೋಗಿಗಳು. ಇವತ್ತು ಸಾರಜನಕ, ನಾಳೆ ಗಂಧಕ, ನಾಡಿದ್ದು ಎರಡೂ ಎಂದು ಬೆರೆಸುತ್ತಲೇ ಪ್ರಬಂಧ ಹೆರುವವರಿಗೆ ಲೆಕ್ಕವನ್ನೂ ಒಪ್ಪಿಸಿದರು: ಬೆರೆಸಬಹುದಾದ ಧಾತುಗಳು 84. ಒಂದೊಂದಾಗಿ ಹಾಕಿದರೆ 84 ಪ್ರಬಂಧ, ಎರಡೆರಡಾದರೆ 3,486, ಮೂರ್ಮೂರಾದರೆ 95,284, ನಾಲ್ಕಾದರೆ ಸುಮಾರು 20 ಲಕ್ಷ. ಮೊಮ್ಮಕ್ಕಳ ಪಿಎಚ್.ಡಿ.ವರೆಗೂ ಚಿಂತೆಯಿಲ್ಲ.

ನಮ್ಮ ಬೀದಿಯ ಪ್ರೊಫೆಸರ್ ಸಾಹೇಬರು ಇದನ್ನು ಕೇಳಿ ನಗಲಿಲ್ಲ. ಗೇಟಿನ ಫಲಕದಲ್ಲಿ ಹೆಸರಿನ ಕೆಳಗೇ ತಮ್ಮ ಪ್ರಬಂಧಗಳು ಎಷ್ಟು ಉಲ್ಲೇಖಗೊಂಡವೆಂಬುದರ ಅಳತೆಯಾದ ಎಚ್-ಇಂಡೆಕ್ಸ್ ಬರೆದುಕೊಂಡವರು ಅವರು (ಅಂಕಿ ಏರುತ್ತದಲ್ಲ, ಅದಕ್ಕೆ ಸೀಮೆಸುಣ್ಣದಲ್ಲಿ). ‘ಯಾವ ಹಕ್ಕಿ?’ ಎಂದು ಕೇಳಿ ಬರೆದುಕೊಂಡರು.

ಸಾಹೇಬರಿಗೆ ಸೈಟೇಶನ್ ಎಂದರೆ ಮದುವೆಮನೆಯ ಮುಯ್ಯಿ. ಯಾರು ಎಷ್ಟು ಹಾಕಿದರೆಂದು ಪುಸ್ತಕದಲ್ಲಿದೆ. ಅಷ್ಟನ್ನು ತಿರುಗಿ ಹಾಕಲೇಬೇಕು. ಇನ್ನೊಬ್ಬರ ಪ್ರಬಂಧ ರಿವ್ಯೂಗೆ ಬಂದರೆ ತೆರೆಯುವ ಮೊದಲೇ ಷರಾ ಸಿದ್ಧ: ‘ಈ ಕೆಳಗಿನ ಆರು ಪ್ರಬಂಧಗಳನ್ನು ಉಲ್ಲೇಖಿಸಿದರೆ ಗುಣಮಟ್ಟ ಹೆಚ್ಚೀತು.’ ಆರನ್ನೂ ಬರೆದ ಪುಣ್ಯಾತ್ಮ ಯಾರೆಂದು ಕೇಳಬೇಡಿ.

ಹಾಗಾದರೆ ಓದುವವರೇ ಇಲ್ಲವೆ? ಇದ್ದಾರೆ. 2018ರ ಜುಲೈನಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಇಬ್ಬರು, ಚಿನ್ನ-ಬೆಳ್ಳಿಯ ನ್ಯಾನೊ ರಚನೆಯಲ್ಲಿ 236 ಕೆಲ್ವಿನ್‌ನಲ್ಲೇ ಅತಿವಾಹಕತೆ ಕಂಡಿತೆಂದು ಆರ್ಕೈವ್ (arXiv) ಜಾಲತಾಣಕ್ಕೆ ಪ್ರಬಂಧ ಏರಿಸಿದರು. ಊರೆಲ್ಲ ತಲೆಬರಹ ನೋಡಿತು. ಆಗ ಎಂಐಟಿಯಲ್ಲಿದ್ದ ಭೌತವಿಜ್ಞಾನಿ ಬ್ರಯಾನ್ ಸ್ಕಿನ್ನರ್ ಗ್ರಾಫಿನ ಚುಕ್ಕೆಗಳನ್ನು ನೋಡಿದರು. ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಅಳೆದ ಎರಡು ಸಾಲುಗಳಲ್ಲಿ, ಮನಬಂದಂತೆ ಕುಣಿಯಬೇಕಿದ್ದ ನಾಯ್ಸ್ ಕವಾಯತಿನ ಹಾಗೆ ಒಂದೇ ತಾಳಕ್ಕೆ ಕುಣಿಯುತ್ತಿತ್ತು. 2019ರ ಮೇನಲ್ಲಿ ಇನ್ನಷ್ಟು ಲೇಖಕರೊಂದಿಗೆ ಪರಿಷ್ಕೃತ ಪ್ರತಿ ಬಂತು. ಕಣ್ಣಿಟ್ಟು ಓದಿದ್ದಕ್ಕೆ ಮಾತ್ರ ಇನ್ನೂ ಯಾವ ಇಂಡೆಕ್ಸೂ ಬಂದಿಲ್ಲ.

ಪತ್ರಿಕೆಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಬರೀ ಭಾಗಾಕಾರ: ಹಿಂದಿನ ಎರಡು ವರ್ಷದ ಪ್ರಬಂಧಗಳಿಗೆ ಈ ವರ್ಷ ಬಿದ್ದ ಸೈಟೇಶನ್, ಭಾಗಿಸು ಆ ಪ್ರಬಂಧಗಳ ಸಂಖ್ಯೆ. ಹೊಗಳಿದ್ದೋ ಉಗಿದದ್ದೋ ಎಂದು ಅದು ವಿಚಾರಿಸುವುದಿಲ್ಲ. ಹೀಗಾಗಿ ಪುಮೆರಾ ಬೈದದ್ದನ್ನೇ ಸಾಹೇಬರು ಹೊಸ ಪ್ರಬಂಧಕ್ಕೆ ಆಧಾರ ಮಾಡಿಕೊಂಡಿದ್ದಾರೆ. ಮೊದಲ ಸಾಲು: ‘ಹಿಕ್ಕೆಯ ಉಪಯುಕ್ತತೆ ಈಗಾಗಲೇ ಸಾಬೀತಾಗಿದೆ [1].’ ಎರಡರಿಂದ ಹದಿನಾಲ್ಕರವರೆಗಿನ ಉಲ್ಲೇಖಗಳೆಲ್ಲ ಅವರವೇ.